ಶಾನುಭೋಗರ ಮಗ ಓದಿಕೊಟ್ಟ ಮೂರಕ್ಷರ

ಲಾಲ್‌ಬಾಗ್ ದಾಟಿ ಡೇರಿ ಸರ್ಕಲ್ ಕಡೆ ಹೋಗುವ ರಸ್ತೆಯಲ್ಲಿ ಬೆಳಿಗ್ಗೆ ಆರು ಗಂಟೆಗೇ ನಮ್ಮ ಜಿಲ್ಲೆಗಳ ಮಾತು ಕೇಳಿಸುತ್ತದೆ. ರಾಯಚೂರಿನವರು, ಹಾಸನದವರು, ಚಾಮರಾಜನಗರದವರು ರಾತ್ರಿ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದು, ಸಿಟಿ ಬಸ್ ಹಿಡಿದು ಇಲ್ಲಿಗೆ ಬರುತ್ತಾರೆ. ನಿಮ್ಹಾನ್ಸ್, ಕಿದ್ವಾಯಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಎಲ್ಲವೂ ಒಂದರ ಪಕ್ಕ ಒಂದು. ಹಿಂದುಗಡೆ ಜಯನಗರ, ಮುಂದೆ ಹೋದರೆ ಬಿಟಿಎಂ ಲೇಔಟ್. ಬೆಂಗಳೂರಿನ ದಕ್ಷಿಣ ಭಾಗ ಎಂದರೆ ಊರಿನವರಿಗೆ ಗೊತ್ತಿರುವುದು ಶಾಪಿಂಗ್ ಕಾಂಪ್ಲೆಕ್ಸ್ ಅಲ್ಲ, ಈ ಆಸ್ಪತ್ರೆಗಳ ಸಾಲು.

ನಮ್ಮ ತಾಲೂಕಿನ ಒಂದು ಕುಟುಂಬದ ಜೊತೆ ನಾವೂ ಅಲ್ಲಿಗೆ ಹೋಗಿದ್ದೆವು. ಅವರ ಊರು, ಹೆಸರು ಬರೆಯುವುದಿಲ್ಲ. ಎಂಟು ವರ್ಷದ ಹುಡುಗ. ನಾಲ್ಕು ವರ್ಷದವನಿದ್ದಾಗ ಓಡಾಡಿಕೊಂಡೇ ಇದ್ದ. ಆಮೇಲೆ ಪದೇ ಪದೇ ಬೀಳತೊಡಗಿದ. ಮೀನಖಂಡ ಮಾತ್ರ ಪೈಲ್ವಾನನ ಹಾಗೆ ದಪ್ಪ. ಶಾಲೆಯಲ್ಲಿ ಸೋಮಾರಿ ಅಂದರು. ಊರಲ್ಲಿ ದೇವರ ಹರಕೆ ತೀರಿಸಿಲ್ಲ ಅಂದರು. ಮನೆಯಲ್ಲಿ ಅತ್ತೆ, 'ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ' ಅಂದರು. ಅಂದರೆ ತಪ್ಪು ಯಾರದ್ದು ಅನ್ನುವುದನ್ನು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ.

ಆ ದಿನ ರಿಪೋರ್ಟ್ ಕೈಗೆ ಬಂತು. ತಾಯಿ ಅದನ್ನು ನಮ್ಮ ಮುಂದೆ ಹಿಡಿದು, 'ಅಣ್ಣಾ, ನೀವು ಪೇಪರ್‌ಗೆ ಬರೆಯೋರು. ಇದ್ರಲ್ಲಿ ಏನ್ ಬರ್ದವ್ರೆ ಓದಿ ಹೇಳಿ' ಅಂದಳು. ಓದಿದೆವು. ಡಿಎಂಡಿ ಜೀನ್, ಎಕ್ಸಾನ್ 48ರಿಂದ 50ರವರೆಗೆ ಇಲ್ಲ, ಔಟ್ ಆಫ್ ಫ್ರೇಮ್. ಅಕ್ಷರ ಓದಲು ಬಂತು, ಅರ್ಥ ಬರಲಿಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಡಾಕ್ಟರು ಅವರಿಗೆ ಸಮಾಧಾನದಿಂದಲೇ ವಿವರಿಸಿದರು. ಆದರೆ ಹೊರಗೆ ಸಾಲು ಉದ್ದವಿತ್ತು, ಹೇಳಿದ್ದರಲ್ಲಿ ಅರ್ಧ ತಲೆಗೆ ಹೋಯಿತು. ಊರಿಗೆ ಬಂದ ಮೇಲೆ ನಾವು ಕೂತು ಓದಿದೆವು, ತಿಳಿದವರನ್ನು ಕೇಳಿದೆವು. ಆ ಒಂದು ಸಾಲನ್ನು ಮನುಷ್ಯರು ಓದಲು ಕಲಿತ ಕಥೆಗೆ ನೂರೈವತ್ತು ವರ್ಷದ ಇತಿಹಾಸ ಇದೆ. ಅದರ ನಡುವೆ ನಮ್ಮಂಥದ್ದೇ ಒಂದು ಹಳ್ಳಿಯ ಹುಡುಗನೂ ಇದ್ದಾನೆ. ಆ ತಾಯಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿ ನಿಮಗೆಲ್ಲ ಬರೆಯುತ್ತಿದ್ದೇವೆ.

ಕಾಯಿಲೆಗೆ ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ

1860ರ ದಶಕದಲ್ಲಿ ಫ್ರಾನ್ಸ್‌ನ ವೈದ್ಯ ಡುಶೆನ್ ಈ ಕಾಯಿಲೆಯನ್ನು ವಿವರವಾಗಿ ಬರೆದಿಟ್ಟ. ಗಂಡುಮಕ್ಕಳಿಗೆ ಬರುತ್ತದೆ, ಮೀನಖಂಡ ಊದಿದಂತೆ ಕಾಣುತ್ತದೆ, ಸ್ನಾಯುಗಳು ಮಾತ್ರ ದಿನೇ ದಿನೇ ಸೋಲುತ್ತವೆ. ಅವನ ಹೆಸರೇ ಕಾಯಿಲೆಗೆ ಉಳಿಯಿತು: ಡುಶೆನ್ ಮಸ್ಕ್ಯುಲರ್ ಡಿಸ್ಟ್ರಫಿ. ಚಿಕ್ಕದಾಗಿ ಡಿಎಂಡಿ. 1879ರಲ್ಲಿ ಲಂಡನ್ನಿನ ವೈದ್ಯ ಗೋವರ್ಸ್ ಇನ್ನೊಂದು ಗುರುತನ್ನು ವಿವರಿಸಿದ. ನೆಲದ ಮೇಲೆ ಕೂತ ಮಗು ಏಳುವಾಗ ಕೈಗಳನ್ನು ಮೊದಲು ಮೊಣಕಾಲಿಗೆ, ಆಮೇಲೆ ತೊಡೆಗೆ ಊರಿ, ತನ್ನ ಮೈಯನ್ನೇ ತಾನು ಹತ್ತಿದ ಹಾಗೆ ಏಳುತ್ತದೆ. ಇವತ್ತಿಗೂ ಡಾಕ್ಟರು ಇಂಥ ಮಕ್ಕಳನ್ನು ನೆಲದ ಮೇಲೆ ಕೂರಿಸಿ 'ಏಳಪ್ಪ' ಅನ್ನುವುದು ಇದನ್ನು ನೋಡಲಿಕ್ಕೆ.

ಹೆಸರು ಸಿಕ್ಕಿತು. ಆದರೆ ಯಾಕೆ ಬರುತ್ತದೆ ಅನ್ನುವುದು ಮುಂದೆ ನೂರು ವರ್ಷ ದಾಟಿದರೂ ತಿಳಿಯಲಿಲ್ಲ. ಅದು ತಿಳಿಯಬೇಕಾದರೆ ನಮ್ಮ ಮೈಯೊಳಗಿನ ಬರವಣಿಗೆಯನ್ನು ಓದಲು ಕಲಿಯಬೇಕಿತ್ತು.

ಬರವಣಿಗೆ ಇದೆ ಅಂತಲೇ ಮೊದಲು ಗೊತ್ತಿರಲಿಲ್ಲ. 1869ರಲ್ಲಿ ಮೀಷರ್ ಎಂಬ ಸ್ವಿಟ್ಜರ್ಲೆಂಡಿನ ಯುವಕ ಆಸ್ಪತ್ರೆಯ ಬ್ಯಾಂಡೇಜುಗಳಿಗೆ ಅಂಟಿದ್ದ ಕೀವಿನಿಂದ ಜೀವಕೋಶಗಳನ್ನು ತೆಗೆದು ಪರೀಕ್ಷೆ ಮಾಡುತ್ತಿದ್ದ. ಕೋಶದ ನಡುವಿನ ಬೀಜದಂಥ ಭಾಗದಲ್ಲಿ ಒಂದು ಹೊಸ ವಸ್ತು ಸಿಕ್ಕಿತು. ಅದೇ ಮುಂದೆ ಡಿಎನ್‌ಎ ಆಯಿತು. ಅದೇ ವಂಶದ ಗುಣಗಳನ್ನು ಹೊರುವ ವಸ್ತು ಎಂದು ಅಮೆರಿಕದ ಏವರಿ ಮತ್ತು ಜೊತೆಗಾರರು ತೋರಿಸಿಕೊಡಲು 1944ರವರೆಗೆ ಕಾಯಬೇಕಾಯಿತು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್, ರೋಸಲಿಂಡ್ ಫ್ರಾಂಕ್ಲಿನ್ ತೆಗೆದಿದ್ದ ಎಕ್ಸ್‌ರೇ ಚಿತ್ರಗಳ ನೆರವಿನಿಂದ, ಅದರ ಆಕಾರವನ್ನು ಹೇಳಿದರು. ಹಗ್ಗದ ಹಾಗೆ ಹೊಸೆದ ಎರಡು ಎಳೆ. ಅದರ ಮೇಲೆ ನಾಲ್ಕೇ ನಾಲ್ಕು ಅಕ್ಷರ: ಎ, ಟಿ, ಜಿ, ಸಿ.

ನಾಲ್ಕಕ್ಷರದಲ್ಲಿ ಏನು ಬರೆದಿದೆ? ಯಾರಿಗೂ ಗೊತ್ತಿರಲಿಲ್ಲ.

ಮೂಲ ಪುಸ್ತಕ, ನಕಲು, ಹೂಮಾಲೆ

ಇತಿಹಾಸ ಮುಂದುವರಿಸುವ ಮೊದಲು, ಕೋಶದೊಳಗೆ ಏನು ನಡೆಯುತ್ತದೆ ಅನ್ನುವುದನ್ನು ನಮಗೆ ಗೊತ್ತಿರುವ ರೀತಿಯಲ್ಲಿ ಹೇಳಿಬಿಡುತ್ತೇವೆ.

ತಾಲೂಕು ಕಚೇರಿಯ ರೆಕಾರ್ಡ್ ರೂಮನ್ನು ನೆನಪಿಸಿಕೊಳ್ಳಿ. ಮೂಲ ಪುಸ್ತಕ ಅಲ್ಲೇ ಇರುತ್ತದೆ, ಯಾರ ಕೈಗೂ ಕೊಡುವುದಿಲ್ಲ. ನಿಮ್ಮ ಸರ್ವೆ ನಂಬರ್ ಹೇಳಿದರೆ ಆ ಒಂದು ಭಾಗದ ನಕಲು ಮಾತ್ರ ಕೊಡುತ್ತಾರೆ. ಕೆಲಸ ನಡೆಯುವುದು ನಕಲಿನ ಮೇಲೆ. ಜೀವಕೋಶದಲ್ಲೂ ಹಾಗೆಯೇ. ಡಿಎನ್‌ಎ ಮೂಲ ಪುಸ್ತಕ. ಸುಮಾರು 300 ಕೋಟಿ ಅಕ್ಷರದ ಪುಸ್ತಕ. ಅದು ಕೋಶದ ನಡುವಿನ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಪ್ರೋಟೀನ್ ಮಾಡುವ ಸೂಚನೆ ಇರುವ ಭಾಗಗಳು ಅದರಲ್ಲಿ ಸುಮಾರು 20,000 ಇವೆ. ಅವನ್ನೇ ಜೀನ್ ಅಥವಾ ವಂಶವಾಹಿ ಅನ್ನುತ್ತಾರೆ. ಬೇಕಾದ ಜೀನಿನ ನಕಲು ತಯಾರಾಗುತ್ತದೆ. ಈ ನಕಲಿನ ಹೆಸರು ಮೆಸೆಂಜರ್ ಆರ್‌ಎನ್‌ಎ. ಕೊರೊನಾ ಕಾಲದಲ್ಲಿ ಎಂಆರ್‌ಎನ್‌ಎ ಲಸಿಕೆ ಅಂತ ಕೇಳಿದ್ದಿರಲ್ಲ, ಅದೇ ಜಾತಿಯ ನಕಲು. ಇದರಲ್ಲಿ 'ಟಿ' ಬದಲು 'ಯು' ಎಂಬ ಅಕ್ಷರ ಇರುತ್ತದೆ, ಅಷ್ಟೇ ವ್ಯತ್ಯಾಸ.

ನಕಲು ಹೊರಗೆ ಬಂದ ಮೇಲೆ ಹೂ ಕಟ್ಟುವ ಕೆಲಸ. ಗಾಂಧಿ ಬಜಾರಿನ ಹೂವಿನ ಅಂಗಡಿಯಲ್ಲಿ ಒಬ್ಬ ತಾಯಿ ಚೀಟಿ ನೋಡಿಕೊಂಡು ಮಾಲೆ ಕಟ್ಟುತ್ತಿದ್ದಾಳೆ ಅಂದುಕೊಳ್ಳಿ. ಚೀಟಿಯಲ್ಲಿ ಮಲ್ಲಿಗೆ, ಆಮೇಲೆ ಸೇವಂತಿಗೆ, ಆಮೇಲೆ ಕನಕಾಂಬರ ಎಂದು ಸಾಲಾಗಿ ಬರೆದಿದೆ. ಪಕ್ಕದಲ್ಲಿರುವ ಮಕ್ಕಳು ಒಬ್ಬೊಬ್ಬರು ಒಂದೊಂದು ಹೂ ತಂದುಕೊಡುತ್ತಾರೆ. ಅವಳು ಕಟ್ಟುತ್ತಾ ಹೋಗುತ್ತಾಳೆ. ಕೋಶದಲ್ಲಿ ಹೂ ಕಟ್ಟುವವಳು ರೈಬೋಸೋಮ್. ಹೂ ತಂದುಕೊಡುವ ಮಕ್ಕಳು ಟ್ರಾನ್ಸ್‌ಫರ್ ಆರ್‌ಎನ್‌ಎ. ಹೂವುಗಳು ಅಮೈನೋ ಆಮ್ಲಗಳು, ಒಟ್ಟು 20 ಬಗೆ. ಕಟ್ಟಿ ಮುಗಿದ ಮಾಲೆಯೇ ಪ್ರೋಟೀನ್. ನಮ್ಮ ಸ್ನಾಯು, ರಕ್ತದ ಕೆಂಪು, ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಎಲ್ಲವೂ ಇಂಥ ಮಾಲೆಗಳೇ.

ಮಾಲೆ ಕಟ್ಟಿದರೆ ಸಾಲದು, ಅದು ಸರಿಯಾಗಿ ಮಡಚಿಕೊಂಡು ತನ್ನ ಆಕಾರಕ್ಕೆ ಬರಬೇಕು. ಯಾವ ಕೋನದಲ್ಲಿ ಮಡಚಬಹುದು, ಯಾವುದರಲ್ಲಿ ಆಗುವುದಿಲ್ಲ ಎಂದು 1963ರಲ್ಲಿ ಮದ್ರಾಸಿನಲ್ಲಿ ನಕ್ಷೆ ಹಾಕಿ ತೋರಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು. ಅದು ಜಗತ್ತಿನ ಪಠ್ಯಪುಸ್ತಕಗಳಲ್ಲೆಲ್ಲ ರಾಮಚಂದ್ರನ್ ನಕ್ಷೆ ಎಂದೇ ಹೆಸರಾಗಿದೆ. ರಾಮಚಂದ್ರನ್ ಓದಿದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಸಿ.ವಿ. ರಾಮನ್ ಅವರ ಶಿಷ್ಯರಾಗಿ. 1970ರ ದಶಕದಲ್ಲಿ ಅಲ್ಲಿಗೇ ಮರಳಿ ಬಂದು ಒಂದು ವಿಭಾಗವನ್ನೇ ಕಟ್ಟಿದರು. ಅವರು ಹುಟ್ಟಿದ್ದು 1922ರಲ್ಲಿ. ಅದೇ ವರ್ಷ ದೂರದ ಪಂಜಾಬಿನಲ್ಲಿ ಈ ಕಥೆಯ ಇನ್ನೊಬ್ಬ ಮುಖ್ಯ ಮನುಷ್ಯ ಹುಟ್ಟಿದ.

ನೂರು ಜನರ ಹಳ್ಳಿಯಿಂದ

ಹರ್ ಗೋಬಿಂದ್ ಖುರಾನಾ ಹುಟ್ಟಿದ ಊರು ರಾಯಪುರ. ಈಗ ಅದು ಪಾಕಿಸ್ತಾನಕ್ಕೆ ಸೇರಿದೆ. ಆಗ ಆ ಹಳ್ಳಿಯಲ್ಲಿ ಇದ್ದದ್ದು ಸುಮಾರು ನೂರು ಜನ. ತಂದೆ ಪಟ್ವಾರಿ. ನಮ್ಮ ಕಡೆಯ ಲೆಕ್ಕದಲ್ಲಿ ಶಾನುಭೋಗರು. ಯಾರ ಹೊಲ ಎಷ್ಟು, ಕಂದಾಯ ಎಷ್ಟು ಎಂದು ಬರೆದಿಡುವ ಕೆಲಸ. ಊರಲ್ಲಿ ಓದು ಬರಹ ಬಲ್ಲ ಮನೆ ಹೆಚ್ಚುಕಡಿಮೆ ಅವರದ್ದೊಂದೇ ಆಗಿತ್ತು ಎಂದು ಖುರಾನಾ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮನೆಯಲ್ಲಿ ಬಡತನ, ಐದು ಮಕ್ಕಳಲ್ಲಿ ಇವರೇ ಕೊನೆಯವರು. ಮೊದಲ ಪಾಠ ನಡೆದದ್ದು ಮರದ ಕೆಳಗೆ.

ಲಾಹೋರಿನಲ್ಲಿ ಓದಿ, ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋಗಿ 1948ರಲ್ಲಿ ಡಾಕ್ಟರೇಟ್ ಪಡೆದರು. ಅಷ್ಟರಲ್ಲಿ ದೇಶ ಇಬ್ಭಾಗವಾಗಿತ್ತು, ಹುಟ್ಟಿದ ಊರು ಗಡಿಯ ಆಚೆ ಉಳಿಯಿತು. ಊರಿಗೆ ಬಂದರೆ ಇಲ್ಲಿ ತಕ್ಕ ಕೆಲಸ ಸಿಗಲಿಲ್ಲ. ಮತ್ತೆ ಇಂಗ್ಲೆಂಡ್, ಅಲ್ಲಿಂದ 1952ರಲ್ಲಿ ಕೆನಡಾ, 1960ರಲ್ಲಿ ಅಮೆರಿಕದ ವಿಸ್ಕಾನ್ಸಿನ್.

1961 ಈ ಕಥೆಯಲ್ಲಿ ದೊಡ್ಡ ವರ್ಷ. ನಮ್ಮ ಮೈಸೂರು ರಾಜ್ಯದಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ತೆಗೆದುಹಾಕುವ ಕಾಯ್ದೆ ಬಂದದ್ದೂ 1961ರದ್ದೇ. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದಲ್ಲಿ ನಿರೆನ್‌ಬರ್ಗ್ ಮತ್ತು ಮತ್ತೈ ಎಂಬ ಇಬ್ಬರು ಮೊದಲ ಪದವನ್ನು ಓದಿದರು. ಅವರು ಮಾಡಿದ್ದು ಸರಳವಾದ ಕೆಲಸ. ಬ್ಯಾಕ್ಟೀರಿಯಾಗಳನ್ನು ಅರೆದು ರಸ ತೆಗೆದರು. ರೈಬೋಸೋಮ್, ಅಮೈನೋ ಆಮ್ಲ ಎಲ್ಲ ಆ ರಸದಲ್ಲಿದ್ದವು. ಅದಕ್ಕೆ ಬರೀ 'ಯು' ಅಕ್ಷರವೇ ಇರುವ ನಕಲನ್ನು ಹಾಕಿದರು: ಯುಯುಯುಯುಯು. ಹೊರಬಂದ ಮಾಲೆಯಲ್ಲಿ ಒಂದೇ ಬಗೆಯ ಹೂ ಇತ್ತು, ಫಿನೈಲಅಲನೀನ್ ಎಂಬ ಅಮೈನೋ ಆಮ್ಲ. ಅಂದರೆ ಕೋಶದ ಭಾಷೆಯ ಒಂದು ಪದದ ಅರ್ಥ ಸಿಕ್ಕಂತಾಯಿತು.

ಒಂದು ಪದಕ್ಕೆ ಎಷ್ಟು ಅಕ್ಷರ? ಲೆಕ್ಕ ಹಾಕಿ ನೋಡಿ. ನಾಲ್ಕಕ್ಷರವನ್ನು ಎರಡೆರಡು ಜೋಡಿಸಿದರೆ 16 ಪದ. 20 ಹೂಗಳಿಗೆ ಸಾಲದು. ಮೂರು ಮೂರು ಜೋಡಿಸಿದರೆ 64. ಬೇಕಾದಷ್ಟಾಯಿತು. ಊಹೆ ಸರಿ, ಆದರೆ ರುಜುವಾತು ಬೇಕಲ್ಲ. ಅದಕ್ಕೆ ಖುರಾನಾ ಅವರ ಕೈಚಳಕ ಬೇಕಾಯಿತು. ಅಕ್ಷರಗಳನ್ನು ತಮಗೆ ಬೇಕಾದ ಸಾಲಿನಲ್ಲಿ ರಾಸಾಯನಿಕವಾಗಿ ಜೋಡಿಸುವ ವಿದ್ಯೆಯಲ್ಲಿ ಅವರಿಗೆ ಸಾಟಿ ಇರಲಿಲ್ಲ.

ಅವರು ಯು, ಸಿ ಎರಡನ್ನೇ ಒಂದಾದ ಮೇಲೊಂದು ಪೋಣಿಸಿದರು: ಯುಸಿಯುಸಿಯುಸಿಯುಸಿ. ಇದನ್ನು ಎರಡೆರಡಾಗಿ ಓದಿದರೆ ಯುಸಿ, ಯುಸಿ, ಯುಸಿ ಎಂದು ಒಂದೇ ಪದ. ಮಾಲೆಯಲ್ಲಿ ಒಂದೇ ಹೂ ಬರಬೇಕು. ಮೂರು ಮೂರಾಗಿ ಓದಿದರೆ ಯುಸಿಯು, ಸಿಯುಸಿ, ಯುಸಿಯು, ಸಿಯುಸಿ ಎಂದು ಎರಡು ಪದ ಸರದಿಯಲ್ಲಿ ಬರುತ್ತವೆ. ಕೊಳವೆಯಿಂದ ಬಂದ ಮಾಲೆಯಲ್ಲಿ ಎರಡು ಹೂಗಳು ಸರದಿಯ ಮೇಲೆ ಕೂತಿದ್ದವು: ಸೀರಿನ್, ಲ್ಯೂಸಿನ್, ಸೀರಿನ್, ಲ್ಯೂಸಿನ್. ಹೀಗೆ ಒಂದೊಂದೇ ಜೋಡಣೆ ಮಾಡಿ, ಓದಿ, 1966ರ ಹೊತ್ತಿಗೆ 64 ಪದಗಳ ಪಟ್ಟಿ ಪೂರ್ತಿಯಾಯಿತು. 61 ಪದಗಳು ಹೂಗಳ ಹೆಸರು. ಉಳಿದ ಮೂರು ಪದಗಳ ಅರ್ಥ 'ನಿಲ್ಲಿಸು'. ಆ ಪದ ಬಂದ ಕಡೆ ಹೂ ಕಟ್ಟುವವಳು ದಾರ ಕತ್ತರಿಸಿಬಿಡುತ್ತಾಳೆ.

ಬಾಳೆಗಿಡಕ್ಕೂ ಎತ್ತಿಗೂ ನಮಗೂ ಈ ಪಟ್ಟಿ ಹೆಚ್ಚುಕಡಿಮೆ ಒಂದೇ. 1968ರಲ್ಲಿ ಖುರಾನಾ, ನಿರೆನ್‌ಬರ್ಗ್ ಮತ್ತು ಹೂ ತರುವ ಆರ್‌ಎನ್‌ಎಯ ರಚನೆ ತಿಳಿಸಿದ ಹೋಲಿ ಮೂವರಿಗೂ ನೊಬೆಲ್ ಬಂತು. ಪಟ್ವಾರಿಯ ಮಗ 2011ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ತೀರಿಕೊಂಡರು.

ಒಂದಕ್ಷರ ಬಿದ್ದುಹೋದರೆ

ಈಗ ರಿಪೋರ್ಟಿನ ಹತ್ತಿರ ಬರೋಣ. 'ಔಟ್ ಆಫ್ ಫ್ರೇಮ್' ಅಂದರೇನು? ಈ ಸಾಲು ನೋಡಿ. ಎಲ್ಲವೂ ಮೂರಕ್ಷರದ ಪದಗಳೇ.

ಕಮಲ – ಹಸುವ – ಕೆರೆಗೆ – ಬಿಡದೆ – ಮನೆಗೆ – ತಂದಳು

ಇದರಲ್ಲಿ 'ಕೆರೆಗೆ' ಎಂಬ ಇಡೀ ಪದ ಬಿದ್ದುಹೋಯಿತು ಅಂದುಕೊಳ್ಳಿ.

ಕಮಲ – ಹಸುವ – ಬಿಡದೆ – ಮನೆಗೆ – ತಂದಳು

ಏನೋ ಕಡಿಮೆಯಾಗಿದೆ, ಆದರೆ ಅರ್ಥ ಕೆಟ್ಟಿಲ್ಲ. ಹಸು ಮನೆಗೆ ಬಂತು. ಈಗ ಮೊದಲ ಸಾಲಿನಿಂದ 'ಸು' ಎಂಬ ಒಂದೇ ಅಕ್ಷರ ತೆಗೆಯಿರಿ. ಕೋಶಕ್ಕೆ ಪದಗಳ ನಡುವೆ ಜಾಗ ಬಿಡುವ ಅಭ್ಯಾಸ ಇಲ್ಲ. ಅದು ಮೂರು ಮೂರು ಎಣಿಸಿಕೊಂಡೇ ಓದುತ್ತದೆ.

ಕಮಲ – ಹವಕೆ – ರೆಗೆಬಿ – ಡದೆಮ – ನೆಗೆತಂ – ದಳು

ಹೋಗಿದ್ದು ಒಂದಕ್ಷರ, ಹಾಳಾಗಿದ್ದು ಅಲ್ಲಿಂದ ಮುಂದಿನ ಎಲ್ಲವೂ. ಇದನ್ನೂ 1961ರಲ್ಲೇ ಕೇಂಬ್ರಿಜ್‌ನಲ್ಲಿ ಕ್ರಿಕ್, ಬ್ರೆನ್ನರ್ ಮತ್ತು ಜೊತೆಗಾರರು ಬ್ಯಾಕ್ಟೀರಿಯಾಕ್ಕೆ ಅಂಟುವ ಒಂದು ವೈರಸ್ಸಿನಲ್ಲಿ ತೋರಿಸಿದ್ದರು. ಒಂದು ಅಥವಾ ಎರಡು ಅಕ್ಷರ ಹೆಚ್ಚುಕಡಿಮೆಯಾದರೆ ಜೀನ್ ಕೆಡುತ್ತದೆ, ಮೂರು ಹೆಚ್ಚುಕಡಿಮೆಯಾದರೆ ಮತ್ತೆ ದಾರಿಗೆ ಬರಬಹುದು. ವೈರಸ್ಸಿನ ಈ ಲೆಕ್ಕ ನಮ್ಮ ಮಕ್ಕಳ ಕಾಲಿನ ಲೆಕ್ಕವೂ ಹೌದು ಎಂದು ಅವತ್ತು ಯಾರಿಗೂ ಹೊಳೆದಿರಲಿಕ್ಕಿಲ್ಲ.

ಮಿಣಿ ಕಡಿದ ನೇಗಿಲು

1986ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಲೂಯಿ ಕುಂಕೆಲ್ ಅವರ ತಂಡ ಡಿಎಂಡಿಯ ಜೀನನ್ನು ಹುಡುಕಿತು. ಮರುವರ್ಷ ಅದು ಮಾಡುವ ಪ್ರೋಟೀನ್ ಸಿಕ್ಕಿತು. ಹೆಸರು ಡಿಸ್ಟ್ರೋಫಿನ್. ಮನುಷ್ಯನಲ್ಲಿ ಇದರಷ್ಟು ಉದ್ದದ ಜೀನ್ ಇನ್ನೊಂದಿಲ್ಲ ಎನ್ನಬಹುದು. 20 ಲಕ್ಷಕ್ಕೂ ಹೆಚ್ಚು ಅಕ್ಷರ. ಒಂದು ನಕಲು ತೆಗೆಯಲು ಕೋಶಕ್ಕೆ ಸುಮಾರು 16 ಗಂಟೆ ಬೇಕು. ರಾತ್ರಿ ಬಸ್ ಹತ್ತಿದವರು ಬೆಂಗಳೂರಿಗೆ ಬಂದು, ಸಾಲಿನಲ್ಲಿ ನಿಂತು, ಡಾಕ್ಟರನ್ನು ನೋಡುವಷ್ಟು ಹೊತ್ತು.

ಇಷ್ಟುದ್ದದ ನಕಲಿನಲ್ಲಿ ಬೇಕಾದದ್ದು ಸ್ವಲ್ಪ. ಬೇಡದ ಭಾಗಗಳನ್ನು ಕತ್ತರಿಸಿ, ಬೇಕಾದ ತುಂಡುಗಳನ್ನು ಅಂಟಿಸುವ ಕೆಲಸ ಕೋಶದಲ್ಲಿ ನಡೆಯುತ್ತದೆ ಎಂದು 1977ರಲ್ಲೇ ತಿಳಿದಿತ್ತು. ಬೇಕಾದ ತುಂಡಿಗೆ ಎಕ್ಸಾನ್ ಎಂದು ಹೆಸರು. ಡಿಸ್ಟ್ರೋಫಿನ್‌ಗೆ 79 ಎಕ್ಸಾನ್. ಅವನ್ನೆಲ್ಲ ಸೇರಿಸಿದರೆ ಸುಮಾರು 14,000 ಅಕ್ಷರದ ನಕಲು. ಅದನ್ನು ಓದಿ ಕಟ್ಟಿದ ಮಾಲೆಯಲ್ಲಿ 3,685 ಹೂ.

ಈ ಮಾಲೆಯ ಕೆಲಸ ಏನು? ನೊಗಕ್ಕೂ ನೇಗಿಲಿಗೂ ಕಟ್ಟುವ ಮಿಣಿಯ ಕೆಲಸ. ಸ್ನಾಯುಕೋಶದ ಒಳಗಿನ ಎಳೆಗಳಿಗೂ ಕೋಶದ ಹೊರಪೊರೆಗೂ ನಡುವೆ ಇದು ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಸ್ನಾಯು ಸೆಟೆದು ಸಡಿಲವಾದಾಗಲೆಲ್ಲ ಪೊರೆ ಹರಿಯದಂತೆ ಕಾಯುತ್ತದೆ. ಮಿಣಿ ಇಲ್ಲದೆ ಎತ್ತು ಎಳೆದರೆ ಏನಾಗುತ್ತದೆ ನಿಮಗೆ ಗೊತ್ತು. ಡಿಎಂಡಿ ಇರುವ ಮಗುವಿನ ಸ್ನಾಯು ಪ್ರತಿ ಸಲ ದುಡಿದಾಗಲೂ ಸ್ವಲ್ಪ ಸ್ವಲ್ಪ ಹರಿಯುತ್ತದೆ. ಹರಿದ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತದೆ. ಮೀನಖಂಡ ದಪ್ಪ ಕಾಣುವುದು ಬಹುಮಟ್ಟಿಗೆ ಇದರಿಂದ, ಶಕ್ತಿಯಿಂದಲ್ಲ.

1988ರಲ್ಲಿ ಅದೇ ತಂಡ ಒಂದು ಒಗಟು ಬಿಡಿಸಿತು. ಕೆಲವು ಮಕ್ಕಳಲ್ಲಿ ಜೀನಿನ ದೊಡ್ಡ ಭಾಗವೇ ಇರುವುದಿಲ್ಲ, ಆದರೂ ದೊಡ್ಡವರಾಗುವ ತನಕ ನಡೆದಾಡುತ್ತಾರೆ. ಇದಕ್ಕೆ ಬೆಕರ್ ಕಾಯಿಲೆ ಎಂದು ಹೆಸರು. ಇನ್ನು ಕೆಲವರಲ್ಲಿ ಚಿಕ್ಕ ಭಾಗ ಹೋಗಿರುತ್ತದೆ, ಆದರೆ ಹನ್ನೆರಡು ವರ್ಷದ ಆಸುಪಾಸಿಗೇ ಗಾಲಿಕುರ್ಚಿ ಹಿಡಿಯುತ್ತಾರೆ. ಯಾಕೆ? ಎಷ್ಟು ಅಕ್ಷರ ಹೋಯಿತು ಅನ್ನುವುದಕ್ಕಿಂತ, ಹೋದದ್ದು ಮೂರರ ಲೆಕ್ಕಕ್ಕೆ ಕೂಡುತ್ತದೋ ಇಲ್ಲವೋ ಅನ್ನುವುದು ಮುಖ್ಯ. ಕೂಡಿದರೆ 'ಕೆರೆಗೆ' ಬಿದ್ದುಹೋದ ಸಾಲಿನ ಹಾಗೆ. ಮಿಣಿಯ ನಡುವಿನ ತುಂಡು ಹೋಗಿ ಗಿಡ್ಡವಾಗಿರುತ್ತದೆ, ಆದರೆ ಎರಡೂ ತುದಿ ಕಟ್ಟಿಕೊಂಡಿರುತ್ತವೆ. ಕೂಡದಿದ್ದರೆ 'ಸು' ಬಿದ್ದುಹೋದ ಸಾಲು. ಅಲ್ಲಿಂದ ಮುಂದೆ ಓದು ತಪ್ಪಿ, ಬೇಗನೆ ಎಲ್ಲೋ ಒಂದು 'ನಿಲ್ಲಿಸು' ಪದ ಎದುರಾಗುತ್ತದೆ. ಮಾಲೆ ಅರ್ಧಕ್ಕೇ ಕತ್ತರಿಸುತ್ತದೆ. ಮಿಣಿಗೆ ಇನ್ನೊಂದು ತುದಿಯೇ ಇಲ್ಲ.

ನಮ್ಮ ಹುಡುಗನಲ್ಲಿ 48, 49, 50ನೇ ತುಂಡುಗಳಿಲ್ಲ. ಮೂರೂ ಸೇರಿದ ಅಕ್ಷರಗಳ ಲೆಕ್ಕ ಮೂರಕ್ಕೆ ಸರಿಯಾಗಿ ಭಾಗವಾಗುವುದಿಲ್ಲ. ರಿಪೋರ್ಟಿನ ಆ ಸಾಲಿನ ಅರ್ಥ ಇಷ್ಟೇ.

'ಸು' ಹೋದ ಸಾಲನ್ನು ಸರಿಮಾಡಲು ಒಂದು ಉಪಾಯ ನಿಮಗೇ ಹೊಳೆದಿರಬಹುದು. ಉಳಿದ 'ಹ', 'ವ' ಎರಡನ್ನೂ ಬಿಟ್ಟು ಓದಿಸಿದರೆ 'ಕಮಲ ಕೆರೆಗೆ ಬಿಡದೆ ಮನೆಗೆ ತಂದಳು' ಎಂದಾಗುತ್ತದೆ. ಹಸು ಹೋಯಿತು, ಸಾಲು ಉಳಿಯಿತು. ಎಕ್ಸಾನ್ ಸ್ಕಿಪ್ಪಿಂಗ್ ಎಂಬ ಚಿಕಿತ್ಸೆ ಮಾಡುವುದು ಇದನ್ನೇ. ಈ ಹುಡುಗನಂಥವರಲ್ಲಿ 51ನೇ ತುಂಡನ್ನೂ ಬಿಟ್ಟು ಓದುವಂತೆ ಮಾಡಿದರೆ ಲೆಕ್ಕ ಮೂರಕ್ಕೆ ಕೂಡುತ್ತದೆ. ಇಂಥ ಒಂದು ಔಷಧಿಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕಾಯಿಲೆಯನ್ನು ಅದು ವಾಸಿ ಮಾಡುವುದಿಲ್ಲ. ಅದರಿಂದ ಹುಟ್ಟುವ ಡಿಸ್ಟ್ರೋಫಿನ್ ತುಂಬ ಕಡಿಮೆ, ಬೆಲೆಯೋ ನಮ್ಮ ಕಡೆಯ ಯಾವ ಕುಟುಂಬಕ್ಕೂ ಎಟುಕುವಂಥದ್ದಲ್ಲ. ದಾರಿ ಗೊತ್ತಾಗಿದೆ, ಊರು ಇನ್ನೂ ದೂರ ಇದೆ.

'ನಾನೇ ಕೊಟ್ಟೆನಾ?'

ಹೊಸೂರು ರಸ್ತೆಯ ಆಸ್ಪತ್ರೆಗೂ ಅದರದ್ದೇ ಇತಿಹಾಸ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಅದು ಮಾನಸಿಕ ಆಸ್ಪತ್ರೆ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರ ಡಿಸೆಂಬರ್‌ನಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹುಚ್ಚಾಸ್ಪತ್ರೆ ಎಂಬ ಹಳೆಯ ಹೆಸರಿಗೆ ಹೆದರಿ ಇವತ್ತಿಗೂ ಕೆಲವರು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ. ಆದರೆ ನರ ಮತ್ತು ಸ್ನಾಯುವಿನ ಕಾಯಿಲೆಗಳಿಗೆ ನಮ್ಮ ರಾಜ್ಯದವರು ಹೋಗುವ ದೊಡ್ಡ ಜಾಗ ಅದೇ. ಜೀನ್ ಪರೀಕ್ಷೆಯೂ ಅಲ್ಲಿ ನಡೆಯುತ್ತದೆ.

ಅಲ್ಲಿ ಆ ತಾಯಿ ನಮ್ಮನ್ನು ಎರಡನೇ ಪ್ರಶ್ನೆ ಕೇಳಿದ್ದಳು. 'ಹಂಗಾದ್ರೆ ನಾನೇ ಕೊಟ್ಟೆನಾ ಅಣ್ಣಾ?'

ಈ ಜೀನ್ ಇರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಹೆಂಗಸರಿಗೆ ಎಕ್ಸ್ ಎರಡು, ಗಂಡಸರಿಗೆ ಒಂದೇ. ಹೆಂಗಸಿನ ಒಂದು ಪುಸ್ತಕದಲ್ಲಿ ತಪ್ಪಿದ್ದರೂ ಇನ್ನೊಂದರಿಂದ ಕೆಲಸ ನಡೆಯುತ್ತದೆ. ಅವಳಿಗೆ ಹೆಚ್ಚಾಗಿ ಏನೂ ತೋರುವುದೇ ಇಲ್ಲ. ಹುಡುಗನಿಗೆ ಇರುವುದೊಂದೇ ಪುಸ್ತಕ. ಅದು ತಾಯಿಯಿಂದಲೇ ಬರಬೇಕು. ತಾಯಿಯ ಎರಡರಲ್ಲಿ ಯಾವುದು ಬರುತ್ತದೆ ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. ತಪ್ಪಿರುವ ಪುಸ್ತಕ ಹೊತ್ತ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧ. ಪ್ರತಿ ಹೆಣ್ಣುಮಗುವೂ ತಾಯಿಯ ಹಾಗೆ ಹೊರುವವಳಾಗುವ ಸಾಧ್ಯತೆಯೂ ಅರ್ಧ.

ಆದರೆ ಸುಮಾರು ಮೂರರಲ್ಲಿ ಒಂದು ಮಗುವಿನಲ್ಲಿ ಈ ತಪ್ಪು ಹೊಸದಾಗಿ ಆದದ್ದು. ತಾಯಿಯ ರಕ್ತದಲ್ಲಿ ಅದು ಕಾಣುವುದೇ ಇಲ್ಲ. ಇಪ್ಪತ್ತು ಲಕ್ಷ ಅಕ್ಷರದ ಪುಸ್ತಕವನ್ನು ತಲೆಮಾರಿನಿಂದ ತಲೆಮಾರಿಗೆ ಪ್ರತಿ ಮಾಡುತ್ತಾ ಬಂದರೆ ಎಲ್ಲೋ ಒಂದು ಕಡೆ ಕೈ ತಪ್ಪುತ್ತದೆ. ತಾಯಿಗೂ ಮೊದಲು ಅಜ್ಜಿಯ ಕಾಲದಲ್ಲೋ ಮುತ್ತಜ್ಜಿಯ ಕಾಲದಲ್ಲೋ ತಪ್ಪಿರಬಹುದು. ಬಸುರಿಯಲ್ಲಿ ತಿಂದ ಊಟಕ್ಕೂ, ಗ್ರಹಣಕ್ಕೂ, ಹರಕೆಗೂ ಇದಕ್ಕೂ ಸಂಬಂಧ ಇಲ್ಲ. ಸೋದರಮಾವನನ್ನು ಮದುವೆಯಾದದ್ದಕ್ಕೆ ಹೀಗಾಯಿತು ಅನ್ನುವವರೂ ಇದ್ದಾರೆ. ಒಳಸಂಬಂಧದಿಂದ ಬೇರೆ ಕೆಲವು ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ನಿಜ. ಡಿಎಂಡಿಗೆ ಅದು ಕಾರಣವಲ್ಲ.

ಆ ತಾಯಿಯ ರಕ್ತ ಪರೀಕ್ಷೆಯೂ ಆಯಿತು. ಅವಳು ಹೊರುವವಳು ಎಂದು ಬಂತು. ಅವಳು ಅತ್ತದ್ದನ್ನು ನೋಡಿದ್ದೇವೆ. ಆಮೇಲೆ ಅವಳೇ ಕೇಳಿದ ಮಾತು ನಮ್ಮನ್ನು ಈ ಲೇಖನ ಬರೆಯಲು ಕೂರಿಸಿತು: 'ನನ್ನ ತಂಗಿಗೆ ಗಂಡು ನೋಡ್ತಾವ್ರೆ. ಅವಳಿಗೂ ಇರ್ಬೋದಾ?'

ಇರಬಹುದು. ತಿಳಿಯಲು ಒಂದು ರಕ್ತ ಪರೀಕ್ಷೆ ಸಾಕು. ಮನೆಯವರು ಮುಚ್ಚಿಡುವುದು ಇಲ್ಲೇ. ಹುಡುಗಿಯ ಮದುವೆ ನಿಲ್ಲುತ್ತದೆ ಎಂಬ ಭಯ. ಆದರೆ ಮುಚ್ಚಿಟ್ಟರೆ ತಂಗಿಯ ಮಗ ನಾಲ್ಕನೇ ವರ್ಷಕ್ಕೆ ಬೀಳತೊಡಗಿದಾಗ ಅವಳಿಗೂ ಅದೇ ಮಾತು ಕಾದಿರುತ್ತದೆ. ಮೊದಲೇ ತಿಳಿದಿದ್ದರೆ, ಗರ್ಭಿಣಿಯಾದಾಗ ನೋಂದಾಯಿತ ಕೇಂದ್ರದಲ್ಲಿ ಕಾನೂನಿನ ಒಳಗೇ ಪರೀಕ್ಷೆ ಮಾಡಿಸಬಹುದು, ಏನು ಮಾಡಬೇಕೆಂದು ದಂಪತಿ ತಾವೇ ತೀರ್ಮಾನಿಸಬಹುದು. ಕುಟುಂಬದ ಮಗುವಿನ ರಿಪೋರ್ಟ್ ಕೈಯಲ್ಲಿದ್ದರೆ ಏನನ್ನು ಹುಡುಕಬೇಕು ಅನ್ನುವುದು ಲ್ಯಾಬಿನವರಿಗೆ ಗೊತ್ತಿರುತ್ತದೆ. ಅದಕ್ಕೇ ಆ ಕಾಗದವನ್ನು ಎಸೆಯಬಾರದು.

ಊರಲ್ಲಿ ಏನು ನೋಡಬೇಕು

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಮೂರರಿಂದ ಆರು ವರ್ಷದ ಗಂಡುಮಗು ಪದೇ ಪದೇ ಬೀಳುತ್ತಿದ್ದರೆ, ಮೆಟ್ಟಿಲು ಹತ್ತಲು ಒದ್ದಾಡಿದರೆ, ತೊಡೆಗೆ ಕೈ ಊರಿ ಏಳುತ್ತಿದ್ದರೆ, ಮೀನಖಂಡ ದಪ್ಪ ಇದ್ದರೆ ಸೋಮಾರಿ ಎಂದು ಬೈಯಬೇಡಿ. ಸಿಪಿಕೆ ಎಂಬ ರಕ್ತ ಪರೀಕ್ಷೆ ಜಿಲ್ಲಾ ಕೇಂದ್ರದ ಲ್ಯಾಬಿನಲ್ಲೂ ಆಗುತ್ತದೆ. ಸ್ನಾಯು ಹರಿಯುತ್ತಿದ್ದರೆ ಅದರ ಅಂಕಿ ತುಂಬ ಮೇಲಿರುತ್ತದೆ.

ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ವೈದ್ಯರ ಕಣ್ಗಾವಲಿನಲ್ಲಿ ಸ್ಟಿರಾಯ್ಡ್ ಮಾತ್ರೆ ಕೊಟ್ಟರೆ ನಡೆದಾಡುವ ಕಾಲ ಮುಂದಕ್ಕೆ ಹೋಗುತ್ತದೆ. ಅದನ್ನು ತಾವೇ ಶುರು ಮಾಡುವುದಾಗಲಿ ಥಟ್ಟನೆ ನಿಲ್ಲಿಸುವುದಾಗಲಿ ಅಪಾಯ. ಹೃದಯವೂ ಸ್ನಾಯುವೇ ಆದ್ದರಿಂದ ಅದನ್ನೂ ಕಾಲಕಾಲಕ್ಕೆ ತೋರಿಸುತ್ತಿರಬೇಕು. ಸ್ಟೆಮ್ ಸೆಲ್ ಹೆಸರಲ್ಲಿ ಲಕ್ಷಗಟ್ಟಲೆ ಕೇಳುವವರ ಹತ್ತಿರ ಹೊಲ ಮಾರಿ ಹೋಗಬೇ‌ಡಿ. ಅದು ಈ ಕಾಯಿಲೆಗೆ ಕೆಲಸ ಮಾಡುತ್ತದೆ ಎಂದು ಸಾಬೀತಾಗಿಲ್ಲ, ಐಸಿಎಂಆರ್ ಅದನ್ನು ಒಪ್ಪಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಸ್ಕ್ಯುಲರ್ ಡಿಸ್ಟ್ರಫಿ ಹೆಸರಿಸಿ ಸೇರಿಸಿದ್ದಾರೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲೂ ಡಿಎಂಡಿ ಇದೆ. ಅದರಡಿ ಬೆಂಗಳೂರಿನ ಕೇಂದ್ರವಾಗಿ ಗುರುತಿಸಿರುವುದು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಅದೇ ರಸ್ತೆಯ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯನ್ನು.

ಮೊನ್ನೆ ಆ ತಾಯಿಯ ಮನೆಗೆ ಹೋಗಿದ್ದೆವು. ಕಮಲ, ಹಸು, ಕೆರೆಯ ಸಾಲನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆವು. ಅವಳು ಎರಡು ಸಲ ಬೆರಳಿಟ್ಟು ಎಣಿಸಿದಳು. ಪಕ್ಕದಲ್ಲಿ ಕೂತಿದ್ದ ಅತ್ತೆಯೂ ನೋಡುತ್ತಿದ್ದರು. 'ಹಂಗಾದ್ರೆ ಇದು ಯಾರೂ ಬೇಕಂತ ಮಾಡಿದ್ದಲ್ಲ' ಎಂದು ಅವರೇ ಅಂದರು. ಸೊಸೆ ಏನೂ ಹೇಳಲಿಲ್ಲ. ರಿಪೋರ್ಟನ್ನು ಮಡಚಿ, ಪಹಣಿ, ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಳು. ಮುಂದಿನ ತಿಂಗಳ ಚೆಕಪ್ಪಿಗೆ ಬೆಂಗಳೂರಿಗೆ ಹೋಗುವಾಗ ತಂಗಿಯನ್ನೂ ಕರೆದುಕೊಂಡು ಹೋಗುತ್ತೇನೆ ಅಂದಳು.